ಚಳಿಗಾಲಕ್ಕೆ ಹಿತ್ತಲ ಅಡುಗೆಮನೆ: ಶಿರಸಿಯ ಇಬ್ಬನಿಗೆ ಯಾವುದು, ಕಾರವಾರದ ಉಪ್ಪುಗಾಳಿಗೆ ಯಾವುದು

ದೀಪಾವಳಿ ಹತ್ತಿರ ಬಂತೆಂದರೆ ಉತ್ತರ ಕನ್ನಡದಲ್ಲಿ ಅರ್ಧ ಅಡುಗೆ ಮನೆಯಿಂದ ಹೊರಗೆ ಬರುತ್ತದೆ. ಘಟ್ಟದ ಮೇಲೆ ಅಡಿಕೆ ಬೇಯಿಸುವ ಹಂಡೆ ಒಲೆ ಏರುತ್ತದೆ. ಮುಂದೆ ಆಲೆಮನೆ ಶುರುವಾದ ಮೇಲೆ ಕಬ್ಬಿನ ಹಾಲು ಮನೆಗೆ ಬಂದ ದಿನ ತೊಡದೇವು ಎಂಬ ಕಾಗದದಂಥ ತೆಳು ಸಿಹಿತಿಂಡಿ ಮಾಡಲೇಬೇಕು. ಘಟ್ಟದ ಕೆಳಗೆ ಹೊಸ ಭತ್ತ ಬೇಯಿಸಿ ಕುಚ್ಚಲಕ್ಕಿ ಮಾಡಿಕೊಳ್ಳುವ ಮನೆಗಳಲ್ಲಿ ಅಂಗಳದ ಒಲೆಗೆ ವಾರಗಟ್ಟಲೆ ಬಿಡುವಿಲ್ಲ. ಮೀನು ಹುರಿಯುವುದು, ಊರಿಂದ ಬಂದವರಿಗೆ ಸ್ನಾನದ ನೀರು ಕಾಯಿಸುವುದು ಇದ್ದೇ ಇದೆ. ಈಚೆಗೆ ಹೋಮ್‌ಸ್ಟೇ ನಡೆಸುವವರಿಗೂ ಹೊರಗಿನ ಅಡುಗೆಮನೆ ಬೇಕಾಗಿದೆ, ಅವರ ಅತಿಥಿಗಳು ಹೆಚ್ಚಾಗಿ ಬರುವುದು ಡಿಸೆಂಬರ್, ಜನವರಿಯಲ್ಲೇ.

ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಸಲಹೆಗಳೆಲ್ಲ ಹಿಮ ಬೀಳುವ ನಾಡಿನವು. ನಲ್ಲಿಯ ನೀರು ಖಾಲಿ ಮಾಡಿ, ಪೈಪಿಗೆ ಹೊದಿಕೆ ಸುತ್ತಿ, ಒಲೆಗೆ ಕವರ್ ಹಾಕಿ ವಸಂತದವರೆಗೆ ಮುಚ್ಚಿಡಿ ಎನ್ನುತ್ತವೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗಿ ಪೈಪು ಒಡೆಯುತ್ತದೆ, ಆದ್ದರಿಂದ ಅಲ್ಲಿಗೆ ಅದು ಸರಿಯಾದ ಮಾತು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಚಳಿ ಜೋರಾದ ಬೆಳಗಿನ ಜಾವ ಉಷ್ಣಾಂಶ 13-15 ಡಿಗ್ರಿಗೆ ಇಳಿದೀತು. ಕಾರವಾರದಲ್ಲಿ ಅದು 20 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನಮಗೆ ಹೆಪ್ಪುಗಟ್ಟುವ ಭಯವಿಲ್ಲ. ನಾವು ಎದುರಿಸಬೇಕಾದದ್ದು ಮೂರನ್ನು: ಇಬ್ಬನಿ, ಗಾಳಿ, ಉಪ್ಪು. ಘಟ್ಟದ ಮೇಲೆ ಮೊದಲನೆಯದರ ಕಾಟ ಹೆಚ್ಚು, ಕರಾವಳಿಯಲ್ಲಿ ಕೊನೆಯ ಎರಡರದು. ಅದಕ್ಕೇ ಶಿರಸಿಯ ನೆಂಟರ ಮನೆಯಲ್ಲಿ ಚೆನ್ನಾಗಿದೆ ಎಂದು ಕಾರವಾರದವರು ಅದನ್ನೇ ಕಟ್ಟಿಸಿಕೊಂಡರೆ ಹಣ ದಂಡವಾಗುವುದುಂಟು, ಕಾರವಾರದ್ದನ್ನು ಶಿರಸಿಗೆ ಒಯ್ದರೂ ಅಷ್ಟೇ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿರುವ ಹಣದ ದೊಡ್ಡ ಪಾಲು ಮಾಡಿಗೆ, ಅಂದರೆ ಛಾವಣಿಗೆ, ಹೋಗಲಿ, ಒಲೆಗೆ ಅಲ್ಲ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಹೊಳೆಯುವ ಸ್ಟೀಲಿನ ಒಲೆ, ಕಪಾಟು ತಂದು ಅದರ ಮೇಲೆ ಉಳಿದ ದುಡ್ಡಿನಲ್ಲಿ ತೆಳು ತಗಡು ಹೊದಿಸುತ್ತಾರೆ. ಮಾಡು ಸರಿಯಿದ್ದರೆ ಮೂರು ಕಲ್ಲಿನ ಒಲೆಯಲ್ಲೂ ಅಡುಗೆ ಸುಖ. ಮಾಡು ತೊಟ್ಟಿಕ್ಕುತ್ತಿದ್ದರೆ ಎಂಥ ಒಲೆಯೂ ವ್ಯರ್ಥ.

ಮಾಡು: ಹಂಚೋ, ತಗಡೋ, ಸೋಗೆಯೋ

ಶಿರಸಿ, ಸಿದ್ದಾಪುರದ ಕಡೆ ತಗಡಿನ ಮಾಡಿನ ಕೆಳಗೆ ಜನವರಿಯ ಬೆಳಿಗ್ಗೆ ಆರು ಗಂಟೆಗೆ ನಿಂತು ಮೇಲೆ ನೋಡಿದರೆ ಸಮಸ್ಯೆ ಕಣ್ಣಿಗೇ ಕಾಣುತ್ತದೆ. ತಗಡಿನ ಒಳಮೈ ತುಂಬ ಸಾಸಿವೆಯಷ್ಟು ಸಣ್ಣ ಹನಿಗಳು. ಅವು ಒಂದಕ್ಕೊಂದು ಕೂಡಿ ದಪ್ಪವಾಗಿ, ರೀಪಿನ (ಮಾಡಿನ ಅಡ್ಡಪಟ್ಟಿಯ) ಅಂಚಿಗೆ ಬಂದು, ಅಲ್ಲಿಂದ ಒಲೆಯ ಬೂದಿಗೆ, ಮುಚ್ಚದ ಹಿಟ್ಟಿನ ಪಾತ್ರೆಗೆ, ಕಟ್ಟಿಗೆಯ ರಾಶಿಗೆ ಬೀಳುತ್ತವೆ. ಮಳೆ ಬಂದಿಲ್ಲ, ಮಾಡಿನಲ್ಲಿ ತೂತೂ ಇಲ್ಲ. ಮೋಡವಿಲ್ಲದ ರಾತ್ರಿ ತಗಡು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ತೋಟದ ತೇವ ತುಂಬಿದ ಗಾಳಿ ಅದಕ್ಕೆ ತಾಗಿದ ಕೂಡಲೇ ನೀರಾಗುತ್ತದೆ. ಎಷ್ಟು ದಪ್ಪದ ತಗಡು ಹಾಕಿದರೂ ಇದು ತಪ್ಪುವುದಿಲ್ಲ, ಏಕೆಂದರೆ ಇದು ಲೋಹದ ಗುಣ.

ಹಂಚು ಹೀಗೆ ಮಾಡುವುದಿಲ್ಲ. ಸುಟ್ಟ ಮಣ್ಣು ಸ್ವಲ್ಪ ನೀರನ್ನು ಹೀರಿಕೊಂಡು, ಬಿಸಿಲು ಬಂದ ಮೇಲೆ ಬಿಟ್ಟುಕೊಡುತ್ತದೆ. ದಪ್ಪವಾಗಿರುವುದರಿಂದ ಬೇಗ ತಣ್ಣಗಾಗುವುದೂ ಇಲ್ಲ. ಜೊತೆಗೆ ಹಂಚು ಹಂಚಿನ ನಡುವಿನ ಸಂದಿಯಿಂದ ಹೊಗೆ ತಾನಾಗಿ ಹೊರಹೋಗುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹಂಚು ಕರಾವಳಿಯುದ್ದಕ್ಕೂ, ಘಟ್ಟದ ಮೇಲೂ ಹರಡಿತು. ನಮ್ಮ ಹವೆಗೆ ಅದು ಒಗ್ಗಿಕೊಂಡಷ್ಟು ಬೇರೆ ಯಾವ ಮಾಡೂ ಒಗ್ಗಿಲ್ಲ ಎಂಬುದು ನನ್ನ ನಂಬಿಕೆ.

ಹಾಗಾದರೆ ಜನ ಹಂಚು ಇಳಿಸಿ ತಗಡು ಹಾಕುತ್ತಿರುವುದು ಏಕೆ? ಮಂಗಗಳಿಂದ. ಒಂದು ಹಿಂಡು ಮಾಡಿನ ಮೇಲೆ ಹಾರಿಹೋಯಿತೆಂದರೆ ಎಷ್ಟು ಹಂಚು ಒಡೆದವೆಂದು ಎಣಿಸಬೇಕು. ಮಾಡು ಹತ್ತಿ ಹಂಚು ಹೊರಳಿಸಿ ಕೊಡುವ ಕೆಲಸದವರೂ ಈಗ ಸಿಗುವುದಿಲ್ಲ. ಒಂದು ಹಂಚು ಎರಡರಿಂದ ಮೂರು ಕಿಲೋ ತೂಗುತ್ತದೆ, ಅಷ್ಟು ಭಾರ ಹೊರಲು ಗಟ್ಟಿ ಪಕಾಸಿ (ಮಾಡಿನ ಇಳಿಜಾರಿನ ತೊಲೆ), ರೀಪು ಬೇಕು, ಮರದ ಬೆಲೆ ನಮಗೆ ಗೊತ್ತಿರುವುದೇ. ಈ ಕಷ್ಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಘಟ್ಟದ ಮೇಲಿನವರಿಗೆ ನನ್ನ ಸಲಹೆ ಹೀಗಿದೆ: ಒಲೆ ಮತ್ತು ಅಡುಗೆಯ ಕಟ್ಟೆ ಇರುವಷ್ಟು ಜಾಗಕ್ಕೆ ಹಂಚು, ಕಟ್ಟಿಗೆ, ಪಾತ್ರೆ ತೊಳೆಯುವ ಜಾಗಕ್ಕೆ ತಗಡು. ಹಂಚಿನ ಭಾಗ ಚಿಕ್ಕದಾದಷ್ಟೂ ಖರ್ಚು ಕಡಿಮೆ. ಮಾಡಿನ ಹತ್ತಿರ ಬಾಗಿದ ಕೊಂಬೆಗಳನ್ನು ಕಡಿದರೆ ಮಂಗಗಳ ಓಡಾಟವೂ ಕಡಿಮೆಯಾಗುತ್ತದೆ. ನಡುವೆ ಒಂದೆರಡು ಗಾಜಿನ ಹಂಚು ಸೇರಿಸಿದರೆ ಕಾವಳ ಕವಿದ ಬೆಳಿಗ್ಗೆಯೂ ಬೆಳಕು ಸಿಗುತ್ತದೆ.

ಪೂರ್ತಿ ತಗಡೇ ಹಾಕಬೇಕಾದವರು ಇಳಿಜಾರನ್ನು ಹೆಚ್ಚಿಸಿಕೊಳ್ಳಲಿ. ಇಳಿಜಾರು ಕಡಿದಾಗಿದ್ದರೆ ಒಳಮೈಯ ಹನಿಗಳು ನಡುವೆ ಬೀಳದೆ ತಗಡಿಗೆ ಅಂಟಿಕೊಂಡೇ ಜಾರಿ ಸೂರಿನವರೆಗೆ ಹೋಗುತ್ತವೆ. ಹೆಚ್ಚು ಇಳಿಜಾರಿಗೆ ಹೆಚ್ಚು ತಗಡು ಬೇಕು, ಆ ಖರ್ಚು ಮಾಡಲಡ್ಡಿಯಿಲ್ಲ. ತಗಡಿನ ಕೆಳಗೆ ಫೋಮ್ ಅಂಟಿಸಿಕೊಡುತ್ತೇವೆ, ಹನಿ ಬೀಳುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಹನಿ ಬೀಳುವುದಿಲ್ಲ ಎಂಬುದು ನಿಜ. ಆದರೆ ಕಟ್ಟಿಗೆಯ ಒಲೆಯ ಮೇಲೆ, ಕಿಡಿ ಹಾರುವ ಜಾಗದಲ್ಲಿ, ಅದನ್ನು ಹಾಕಿಸಲೇಬೇಡಿ. ಪ್ಲಾಸ್ಟಿಕ್ಕಿನ ಪಾರದರ್ಶಕ ಶೀಟಿಗೂ ಇದೇ ಮಾತು.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆಗೆ ಬಂದರೆ ಪ್ರಶ್ನೆ ಬದಲಾಗುತ್ತದೆ. ಇಲ್ಲಿ ತಗಡಿನ ಶತ್ರು ಉಪ್ಪು, ಮತ್ತು ಅದು ಹೆಚ್ಚು ಕೆಲಸ ಮಾಡುವುದು ಮಳೆ ನಿಂತ ಮೇಲೆ. ಮಳೆಗಾಲದಲ್ಲಿ ಕಡಲಿನಿಂದ ಬಂದ ಉಪ್ಪನ್ನು ಮಳೆಯೇ ತೊಳೆದುಹಾಕುತ್ತದೆ. ನವೆಂಬರಿನಿಂದ ಮೇ ತಿಂಗಳವರೆಗೆ ತೊಳೆಯುವವರಿಲ್ಲ. ಉಪ್ಪು ಕೂತಲ್ಲೇ ಕೂತಿರುತ್ತದೆ. ಗಾಳಿಯ ತೇವಾಂಶ ಶೇಕಡಾ 75ರ ಹತ್ತಿರಕ್ಕೆ ಬಂದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ, ಕರಾವಳಿಯ ರಾತ್ರಿಗಳಲ್ಲಿ ಅಷ್ಟು ತೇವ ಏನೂ ಅಪರೂಪವಲ್ಲ. ಹೀಗೆ ಪ್ರತಿ ರಾತ್ರಿ ತಗಡಿನ ಮೇಲೆ ತೆಳುವಾದ ಉಪ್ಪುನೀರಿನ ಪದರ. ಮಾಡಿನ ಮೇಲ್ಮೈಗಿಂತ ಸೂರಿನ ಒಳಮೈ, ಕಂಬದ ಮರೆಯ ಭಾಗ, ಮಳೆ ತಾಗದ ಮೊಳೆಯ ಸುತ್ತ ಮೊದಲು ತುಕ್ಕು ಹಿಡಿಯುವುದು ಈ ಕಾರಣಕ್ಕೆ.

ಹಾಗಾಗಿ ಕರಾವಳಿಯಲ್ಲಿ ತೆಳು ಸತುವಿನ ಲೇಪದ ಸಾದಾ ತಗಡು ಅಗ್ಗವಾಗಿ ಸಿಕ್ಕರೂ ಕೊನೆಗೆ ದುಬಾರಿ. ಅಲ್ಯೂಮಿನಿಯಂ ಮತ್ತು ಸತು ಎರಡೂ ಸೇರಿದ ಲೇಪದ ತಗಡು ಅದಕ್ಕಿಂತ ಹೆಚ್ಚು ಬಾಳುತ್ತದೆ. ಪೂರ್ತಿ ಅಲ್ಯೂಮಿನಿಯಂ ಶೀಟು ಇನ್ನೂ ಒಳ್ಳೆಯದು, ಬೆಲೆಯೂ ಹಾಗೆಯೇ. ಯಾವುದನ್ನು ಹಾಕಿದರೂ ತಗಡು ಕತ್ತರಿಸಿದ ಅಂಚಿಗೆ ಬಣ್ಣ ಹಚ್ಚಿಸಿ, ಹಸಿ ಸಿಮೆಂಟಿಗೆ ತಾಗದಂತೆ ನೋಡಿಕೊಳ್ಳಿ. ತಾಮ್ರದ ಹಂಡೆಯ ನೀರು ಅದರ ಮೇಲೆ ಹರಿಯದಂತೆಯೂ ಎಚ್ಚರ ಬೇಕು, ತಾಮ್ರ ತೊಳೆದು ಬಂದ ನೀರು ಸತುವಿನ ಲೇಪವನ್ನು ತಿಂದುಹಾಕುತ್ತದೆ. ಕಡಲಿನಿಂದ ಕೂಗಳತೆಯಲ್ಲಿ ಮನೆಯಿದ್ದರೆ ಹಂಚಿನ ವಿಚಾರವನ್ನೇ ಮೊದಲು ಮಾಡಿ. ಮಣ್ಣಿಗೆ ತುಕ್ಕಿಲ್ಲ.

ಅಡಿಕೆಯ ಸೋಗೆ, ತೆಂಗಿನ ಮಡಲು, ಹುಲ್ಲಿನ ಬಗ್ಗೆ ಎರಡೇ ಮಾತು. ಅಂಗಳದಲ್ಲಿ ಚಳಿಗಾಲಕ್ಕೆಂದೇ ಚಪ್ಪರ ಹಾಕುವ ರೂಢಿ ನಮ್ಮದು. ನೆರಳಿಗೆ, ಇಬ್ಬನಿಗೆ ಸೋಗೆ ಬಹಳ ಚೆನ್ನ, ಖರ್ಚೂ ಇಲ್ಲ. ಆದರೆ ಜನವರಿ ಕಳೆಯುವಷ್ಟರಲ್ಲಿ ಅದು ಒಣಗಿ ಗರಿಗರಿಯಾಗಿರುತ್ತದೆ. ಊಟಕ್ಕೆ ಕೂರುವ ಜಾಗಕ್ಕೆ ಹಾಕಿ, ಒಲೆಯ ಮೇಲೆ ಬೇಡ.

ಗಾಳಿಗೆ ಅಡ್ಡ

ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ಕಡಲಿಗಿಂತ ಬೇಗ ತಣ್ಣಗಾಗುವುದರಿಂದ ಬೆಳಗಿನವರೆಗೆ ಗಾಳಿ ಘಟ್ಟದ ಕಡೆಯಿಂದ, ಅಂದರೆ ಪೂರ್ವದಿಂದ, ಕಡಲಿಗೆ ಬೀಸುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಅದು ತಿರುಗಿ ಪಶ್ಚಿಮದಿಂದ ಬರತೊಡಗುತ್ತದೆ. ಪೂರ್ವಕ್ಕೆ ಮುಖಮಾಡಿ ಅಡುಗೆ ಮಾಡುವ ರೂಢಿಯಂತೆ ಒಲೆ ಹಾಕಿದರೆ ಬೆಳಗಿನ ಹೊಗೆ ಅಡುಗೆಯವರ ಮುಖಕ್ಕೇ ಬರುತ್ತದೆ. ಮಧ್ಯಾಹ್ನ ಕಡಲಗಾಳಿ ನೇರವಾಗಿ ಒಲೆಯ ಬಾಯಿಗೆ ನುಗ್ಗಿ ಬೆಂಕಿಯನ್ನು ಆಚೆಗೆ ತಳ್ಳುತ್ತದೆ. ರೂಢಿ ಬಿಡಬೇಕೆಂದೇನೂ ಇಲ್ಲ. ಪೂರ್ವಕ್ಕೆ ಸೊಂಟದೆತ್ತರದ ಗೋಡೆ, ಅದರಾಚೆಗೆ ಹೊಗೆ ಕೊಳವೆ, ಪಶ್ಚಿಮಕ್ಕೆ ಆಳೆತ್ತರದ ತಟ್ಟಿ, ಇಷ್ಟಿದ್ದರೆ ಎರಡೂ ಹೊತ್ತು ನಿಭಾಯಿಸಬಹುದು. ದಿಕ್ಕಿನ ಕಟ್ಟುಪಾಡು ಇಲ್ಲದವರು ಒಲೆಯ ಬಾಯಿಯನ್ನು ಉತ್ತರಕ್ಕೋ ದಕ್ಷಿಣಕ್ಕೋ ಮಾಡಿದರೆ ಎರಡು ಗಾಳಿಯೂ ಪಕ್ಕದಿಂದ ಹಾದುಹೋಗುತ್ತದೆ. ಹೋಮ್‌ಸ್ಟೇಯವರಿಗೆ ನಾನು ಹೇಳುವುದು ಇದನ್ನೇ.

ಅಡ್ಡ ಕಟ್ಟಲು ಯಾವುದು ಒಳ್ಳೆಯದು? ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಅರೆಗೋಡೆ ಶಾಶ್ವತ, ಬಿಸಿಲಿನ ಕಾವನ್ನು ಸಂಜೆಯವರೆಗೆ ಹಿಡಿದಿಡುತ್ತದೆ, ಘಟ್ಟದ ಮೇಲಿನ ಚಳಿಗೆ ಅದೇ ಬೆನ್ನಿಗೆ ಬೆಚ್ಚಗೆ. ಬಿದಿರಿನ ಅಥವಾ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ತಟ್ಟಿ ಗಾಳಿಯನ್ನು ಪೂರ್ತಿ ತಡೆಯದೆ ಸೋಸಿ ಬಿಡುತ್ತದೆ, ಅದರ ಹಿಂದೆ ಸುಳಿಗಾಳಿ ಏಳುವುದಿಲ್ಲ, ಬೇಸಿಗೆಯಲ್ಲಿ ಬಿಚ್ಚಿ ಒಳಗಿಡಬಹುದು. ಹಸಿರು ನೆರಳು ಪರದೆ ಕಡಲಗಾಳಿಯ ಉಪ್ಪನ್ನು ಸ್ವಲ್ಪ ಹಿಡಿಯುತ್ತದೆ, ಆದರೆ ಒಲೆಯ ಹತ್ತಿರ ಬರಬಾರದು. ಟಾರ್ಪಾಲಿನ್ ಕಟ್ಟಿ ನಾಲ್ಕೂ ಕಡೆ ಮುಚ್ಚುವವರಿದ್ದಾರೆ. ಚಳಿಗೆ ಹಾಗೆ ಮಾಡಬೇಕೆನಿಸುತ್ತದೆ, ಮಾಡಬೇಡಿ. ಮುಚ್ಚಿದ ಜಾಗದಲ್ಲಿ ಕೆಂಡ ಉಸಿರುಗಟ್ಟಿ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಂಜೆ ಕೆಂಡದ ಸುತ್ತ ಮಕ್ಕಳನ್ನು ಕೂರಿಸಿಕೊಳ್ಳುವ ಮನೆಯಲ್ಲಿ ಎರಡು ಬದಿಯಾದರೂ ತೆರೆದಿರಲೇಬೇಕು.

ಘಟ್ಟದ ಮೇಲೆ ಚಳಿಗಾಲದ ಬೆಳಿಗ್ಗೆ ಗಾಳಿಯೇ ಇರುವುದಿಲ್ಲ. ನೆಲದ ಹತ್ತಿರದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ ಇರುವುದರಿಂದ ಹೊಗೆ ಮೇಲೇರದೆ ತೋಟದ ಮೇಲೆಯೇ ಚಾದರದಂತೆ ಹಾಸಿಕೊಳ್ಳುತ್ತದೆ. ಇಲ್ಲಿ ಗೋಡೆಗಿಂತ ಹೊಗೆ ಕೊಳವೆಗೆ ಖರ್ಚು ಮಾಡಬೇಕು. ಕೊಳವೆ ಮಾಡಿನ ನೆತ್ತಿಗಿಂತ ಎರಡು ಮೂರು ಅಡಿ ಮೇಲೆ ಹೋಗಲಿ, ತುದಿಗೆ ಟೋಪಿ ಇರಲಿ. ಮಳೆಗಾಲದಲ್ಲಿ ಅದರೊಳಗೆ ಹಕ್ಕಿಯೋ ಕಣಜವೋ ಗೂಡು ಕಟ್ಟಿರುವುದು ಸಾಮಾನ್ಯ, ಮೊದಲ ಬೆಂಕಿಗೆ ಮುಂಚೆ ಗಳದ ತುದಿಗೆ ಗೋಣಿ ಕಟ್ಟಿ ಒಮ್ಮೆ ಸವರಿಬಿಡಿ.

ಒಲೆ

ಮಣ್ಣಿನ ಒಲೆ, ಅಸ್ತ್ರ ಒಲೆ, ಗೋಬರ್ ಗ್ಯಾಸ್, ಸಿಲಿಂಡರ್: ಈ ನಾಲ್ಕರಲ್ಲಿ ನಮ್ಮವರ ಆಯ್ಕೆ. ಕಬ್ಬಿಣದ ಎತ್ತಿಡುವ ಒಲೆ ಕರಾವಳಿಯಲ್ಲಿ ಬೇಗ ಸವೆಯುತ್ತದೆ, ಅದರ ಮಾತು ಇಷ್ಟು ಸಾಕು.

ಮಣ್ಣಿನ ಒಲೆ ಇನ್ನೂ ಬೇಕೇ ಎಂದು ಕೇಳುವವರು ತೊಡದೇವು ಮಾಡುವುದನ್ನು ಹತ್ತಿರದಿಂದ ನೋಡಬೇಕು. ಬೋರಲು ಹಾಕಿದ ಮಡಕೆಗೆ ಕೆಳಗಿನಿಂದ ಹದವಾದ ಉರಿ. ಕಬ್ಬಿನ ಹಾಲಿನಲ್ಲಿ ಕಲಸಿದ ತೆಳು ಅಕ್ಕಿಹಿಟ್ಟಿನಲ್ಲಿ ಬಟ್ಟೆಯನ್ನು ಅದ್ದಿ ಮಡಕೆಯ ಬೆನ್ನಿನ ಮೇಲೆ ಒಂದೇ ಸಲ ಎಳೆಯುತ್ತಾರೆ. ಕ್ಷಣದಲ್ಲಿ ಅದು ಕಾಗದದಂತೆ ಒಣಗಿ ಅಂಚು ಏಳುತ್ತದೆ, ಬಿಸಿಯಿರುವಾಗಲೇ ಬಿಡಿಸಿ ಮಡಿಸಬೇಕು. ಮಡಕೆಯ ಒಂದು ಮಗ್ಗುಲಿಗೆ ಗಾಳಿ ಬಡಿದರೆ ಅಲ್ಲಿ ಹಾಳೆ ಅಂಟಿ ಹರಿದುಹೋಗುತ್ತದೆ. ಮಣ್ಣಿನ ಒಲೆಯ ದಪ್ಪ ಗೋಡೆ ಮಡಕೆಯನ್ನು ಸುತ್ತಲೂ ಒಂದೇ ಸಮನೆ ಕಾಯಿಸುತ್ತದೆ. ಗ್ಯಾಸಿನ ಬರ್ನರಿನ ಉರಿ ನಡುವೆ ಹೆಚ್ಚು, ಅಂಚಿಗೆ ಕಡಿಮೆ.

ಮಳೆಗಾಲ ಕಳೆದ ಮಣ್ಣಿನ ಒಲೆ ನೋಡಲು ಗಟ್ಟಿಯಾಗಿದ್ದರೂ ಒಳಗೆ ತೇವ ಉಳಿದಿರುತ್ತದೆ. ಮೊದಲ ದಿನವೇ ದೊಡ್ಡ ಬೆಂಕಿ ಹಾಕಿದರೆ ಒಳಗಿನ ನೀರು ಆವಿಯಾಗಿ ದಾರಿ ಹುಡುಕುತ್ತದೆ, ಒಲೆ ಬಿರುಕು ಬಿಡುತ್ತದೆ. ಬಿರುಕುಗಳನ್ನು ಜೇಡಿಮಣ್ಣು, ಮರಳು, ಸಗಣಿ, ಭತ್ತದ ಹೊಟ್ಟು ಸೇರಿಸಿ ಮೆತ್ತಿ, ನೆರಳಿನಲ್ಲಿ ವಾರಕ್ಕೂ ಹೆಚ್ಚು ಒಣಗಲು ಬಿಡಬೇಕು. ಆಮೇಲೆ ಎರಡು ಮೂರು ದಿನ ತೆಂಗಿನ ಸಿಪ್ಪೆಯ ಸಣ್ಣ ಉರಿ ಮಾತ್ರ. ಹೊಸದಾಗಿ ಕಟ್ಟುವವರು ಹೊಳೆಯ ನುಣುಪು ಕಲ್ಲನ್ನು ಬೆಂಕಿಗೆ ತಾಗುವಂತೆ ಇಡಬಾರದು, ಒಳಗೆ ನೀರು ಸೇರಿದ್ದರೆ ಕಾದಾಗ ಸಿಡಿಯುತ್ತದೆ. ಬರಿಯ ಸಿಮೆಂಟ್ ಕಾಂಕ್ರೀಟೂ ಉರಿಗೆ ಪದರ ಪದರವಾಗಿ ಎದ್ದುಬರುತ್ತದೆ.

ಮಣ್ಣಿನ ಒಲೆಯ ದೋಷ ಅದರ ಹೊಗೆ ಮತ್ತು ಅದು ತಿನ್ನುವ ಕಟ್ಟಿಗೆ. ದಿನವೂ ಹೊರಗೆ ಅಡುಗೆ ಮಾಡುವ ಮನೆಯಾದರೆ ಅಸ್ತ್ರ ಒಲೆಯೇ ಮೇಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಅಸ್ತ್ರ ಕೇಂದ್ರ ಹುಟ್ಟಿತು, ಈ ಒಲೆ ಅಲ್ಲಿಂದ ಬಂದದ್ದು. ಮುಚ್ಚಿದ ಬೆಂಕಿಗೂಡು, ಕೆಳಗೆ ಗಾಳಿ ಬರಲು ಜಾಲರಿ, ಒಂದರ ಹಿಂದೆ ಒಂದು ಪಾತ್ರೆ, ಕೊನೆಗೆ ಹೊಗೆ ಕೊಳವೆ. ಮೊದಲ ಪಾತ್ರೆಯನ್ನು ಕಾಯಿಸಿ ಉಳಿದ ಬಿಸಿಯೇ ಹಿಂದಿನವನ್ನು ಕಾಯಿಸುತ್ತದೆ. ಚಳಿಗಾಲದಲ್ಲಿ ಸ್ನಾನದ ನೀರಿನ ಪಾತ್ರೆಯನ್ನು ಕೊನೆಯ ಬಾಯಿಗೆ ಇಟ್ಟರೆ ಅದಕ್ಕೆಂದು ಬೇರೆ ಕಟ್ಟಿಗೆ ಸುಡಬೇಕಾಗಿಲ್ಲ. ಪಾತ್ರೆಯ ತಳ ಬಾಯಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಸಂದಿಯಿಂದ ಹೊಗೆ ಬಂದು ಒಲೆಯ ಉದ್ದೇಶವೇ ಕೆಡುತ್ತದೆ. ಆದ್ದರಿಂದ ಪಾತ್ರೆಗಳನ್ನು ಮೊದಲು ಆರಿಸಿಕೊಂಡು, ಅಳತೆ ಕೊಟ್ಟು ಒಲೆ ಕಟ್ಟಿಸಿ. ಅಡಿಕೆ ಬೇಯಿಸುವ, ಭತ್ತ ಬೇಯಿಸುವ ದೊಡ್ಡ ಹಂಡೆಗೆ ಇದು ಸಾಲದು, ಅದಕ್ಕೆ ಬೇರೆಯೇ ದೊಡ್ಡ ಒಲೆ ಬೇಕು.

ಗೋಬರ್ ಗ್ಯಾಸ್ ಶಿರಸಿ, ಸಿದ್ದಾಪುರದ ತೋಟದ ಮನೆಗಳಿಗೆ ಹೊಸದಲ್ಲ. ಅದು ಚಳಿಗಾಲದಲ್ಲಿ ಕಡಿಮೆಯಾಗುತ್ತದೆ ಎಂಬ ದೂರೂ ಹೊಸದಲ್ಲ. ಗ್ಯಾಸು ತಯಾರಿಸುವ ಸೂಕ್ಷ್ಮಜೀವಿಗಳಿಗೆ 30-35 ಡಿಗ್ರಿಯ ಬೆಚ್ಚಗಿನ ಗುಂಡಿ ಇಷ್ಟ, ತಣ್ಣಗಾದಂತೆ ಅವು ನಿಧಾನವಾಗುತ್ತವೆ. ಕಬ್ಬಿಣದ ಡ್ರಮ್ಮು ತೇಲುವ ಖಾದಿ ಆಯೋಗದ ಮಾದರಿಯಲ್ಲಿ ರಾತ್ರಿಯ ಚಳಿ ಡ್ರಮ್ಮಿನ ಮೂಲಕ ಒಳಗೆ ಇಳಿಯುತ್ತದೆ. ನೆಲದೊಳಗೆ ಗುಮ್ಮಟದಂತೆ ಕಟ್ಟುವ ದೀನಬಂಧು ಮಾದರಿಗೆ ಮಣ್ಣಿನ ಹೊದಿಕೆ ಇರುವುದರಿಂದ ಅಷ್ಟು ಪೆಟ್ಟು ಬೀಳುವುದಿಲ್ಲ. ಹೊಸದಾಗಿ ಹಾಕಿಸುವ ಘಟ್ಟದ ಮೇಲಿನವರು ದೀನಬಂಧುವನ್ನೇ ಆರಿಸಿಕೊಳ್ಳುವುದು ಮೇಲು. ಹಳೆಯದು ಇದ್ದವರು ಸಗಣಿ ಕಲಸುವ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು ಬಿಸಿಲೇರಿದ ಮೇಲೆ ಹಾಕಲಿ, ಗುಂಡಿಯ ಸುತ್ತ ಒಣಹುಲ್ಲು ಒಟ್ಟಲಿ. ಕೊಳವೆಯಲ್ಲಿ ನೀರು ನಿಂತು ಉರಿ ಕುಣಿಯುವುದೂ ಚಳಿಗಾಲದಲ್ಲಿ ಹೆಚ್ಚು, ತಗ್ಗಿನ ಜಾಗದಲ್ಲಿ ನೀರು ಬಿಡುವ ತಿರುಪು ಇದೆಯೇ ಎಂದು ನೋಡಿಕೊಳ್ಳಿ.

ಸಿಲಿಂಡರಿನ ಗ್ಯಾಸು ಎಲ್ಲಕ್ಕಿಂತ ಸುಲಭ, ಮಳೆಗೂ ಚಳಿಗೂ ಒಂದೇ. ನಮ್ಮ ಚಳಿಗೆ ಅದೇನೂ ಹೆಪ್ಪುಗಟ್ಟುವುದಿಲ್ಲ. ಆದರೆ ದೊಡ್ಡ ಬರ್ನರನ್ನು ಎಡೆಬಿಡದೆ ಉರಿಸಿದರೆ ದ್ರವ ಆವಿಯಾಗುವ ರಭಸಕ್ಕೆ ಸಿಲಿಂಡರೇ ತಣ್ಣಗಾಗಿ, ಹೊರಮೈಯಲ್ಲಿ ನೀರು ಕೂತು, ಉರಿ ಸಣ್ಣದಾಗುತ್ತದೆ. ಆಗ ಸಿಲಿಂಡರಿಗೆ ಬಿಸಿನೀರು ಹಾಕುವುದು, ಒಲೆಯ ಹತ್ತಿರ ಸರಿಸುವುದು ಬಹಳ ಅಪಾಯ. ಸ್ವಲ್ಪ ಹೊತ್ತು ಆರಿಸಿ ಬಿಟ್ಟರೆ ತಾನೇ ಸರಿಯಾಗುತ್ತದೆ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಗೂಡಿಗೆ ಗಾಳಿಕಂಡಿ ನೆಲಮಟ್ಟದಲ್ಲೇ ಇರಬೇಕು. ಕಟ್ಟಿಗೆಯ ಒಲೆ ಮತ್ತು ಸಿಲಿಂಡರನ್ನು ಒಂದೇ ಕಟ್ಟೆಯ ಅಕ್ಕಪಕ್ಕ ಇಡಲೇಬಾರದು, ನಡುವೆ ಗೋಡೆ ಬೇಕು. ರಬ್ಬರ್ ಕೊಳವೆಯ ಮೇಲೆ ಅಚ್ಚಾಗಿರುವ ವರ್ಷ ನೋಡಿ, ಐದು ವರ್ಷ ದಾಟಿದ್ದರೆ ಬದಲಿಸಿ. ಮಳೆಗಾಲದಲ್ಲಿ ಹೊರಗೇ ಬಿಟ್ಟಿದ್ದ ಕೊಳವೆಯನ್ನು ಇಲಿ ಕಡಿದಿರುವುದುಂಟು, ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಬೆಂಕಿ ಹೊತ್ತಿಸಿ. ಹೋಮ್‌ಸ್ಟೇ ನಡೆಸುವವರು ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಅವರಿಗೆ 19 ಕಿಲೋದ್ದು.

ಒಂದನ್ನೇ ಆರಿಸಬೇಕೆಂದರೆ? ಘಟ್ಟದ ಮೇಲೆ ಅಸ್ತ್ರ ಒಲೆ, ಪಕ್ಕದಲ್ಲಿ ತೊಡದೇವಿಗೆ, ಹಂಡೆಗೆ ಸಾದಾ ಮಣ್ಣಿನ ಒಲೆ. ಕರಾವಳಿಯಲ್ಲಿ ದಿನದ ಅಡುಗೆಗೆ ಗ್ಯಾಸು, ಭತ್ತ ಬೇಯಿಸಲು ಚಿರೆಕಲ್ಲಿನ ದೊಡ್ಡ ಒಲೆ. ಕಡಲಗಾಳಿಗೆ ಗ್ಯಾಸಿನ ಉರಿ ಆರಿಹೋಗದಂತೆ ಬರ್ನರಿನ ಸುತ್ತ ಮರೆ ಬೇಕು, ಉರಿ ಆರಿದರೂ ಗ್ಯಾಸು ಬರುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು.

ಕಟ್ಟೆ, ಕಪಾಟು, ಪಾತ್ರೆ

ಕಟ್ಟೆಗೆ ಗ್ರಾನೈಟ್ ಎಲ್ಲಿಯೂ ಸರಿ. ಕಡಪಾ ಕಲ್ಲು ಅಗ್ಗ, ಆದರೆ ಅದು ಸುಣ್ಣದ ಜಾತಿಯ ಕಲ್ಲು. ನಿಂಬೆ, ಹುಣಸೆ, ಮುರುಗಲು (ಕೋಕಂ) ಹುಳಿ ಚೆಲ್ಲಿದಲ್ಲಿ ಬಿಳಿಯ ಕಲೆ ಉಳಿಯುತ್ತದೆ. ಬರಿಯ ಚಿರೆಕಲ್ಲಿನ ಮೇಲೆ ಮೀನು ಹೆಚ್ಚಬೇಡಿ, ಅದರ ರಂಧ್ರಗಳಿಗೆ ಇಳಿದ ವಾಸನೆ ಹೋಗುವುದಿಲ್ಲ.

ಸ್ಟೀಲಿನ ಕಪಾಟು, ಸಿಂಕು ಕೊಳ್ಳುವ ಕರಾವಳಿಯವರು ಮಾತ್ರ ಸ್ವಲ್ಪ ನಿಲ್ಲಬೇಕು. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ಅಂಟುವುದಿಲ್ಲ ನೋಡಿ, ಒಳ್ಳೆಯ ಸ್ಟೀಲು ಎಂದು ತೋರಿಸುತ್ತಾರೆ. ಈ ಪರೀಕ್ಷೆಯನ್ನು ನಂಬಬೇಡಿ. 304 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ, ಅಗ್ಗದ 202 ದರ್ಜೆಗೂ ಅಂಟುವುದಿಲ್ಲ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಉಪ್ಪುಗಾಳಿಗೆ ಅದು ಬೇಗ ಕಂದುಗಟ್ಟುತ್ತದೆ. 304ರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕಲ್. 316ರಲ್ಲಿ ಇವುಗಳ ಜೊತೆ ಶೇಕಡಾ 2ರಷ್ಟು ಮಾಲಿಬ್ಡಿನಂ ಇದ್ದು, ಉಪ್ಪನ್ನು ತಡೆಯುವ ಶಕ್ತಿ ಅದರಿಂದ ಬರುತ್ತದೆ. ಕಡಲು ಕಣ್ಣಿಗೆ ಕಾಣುವ ಮನೆಗೆ 316, ಒಳನಾಡಿಗೆ 304, ಶಿರಸಿಗೂ 304 ಧಾರಾಳ ಸಾಕು. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳಿ. 316 ಕೊಂಡ ಮೇಲೂ ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆದು ಒರೆಸುವುದನ್ನು ಬಿಡುವಂತಿಲ್ಲ. ಮಳೆ ಮಾಡುತ್ತಿದ್ದ ಕೆಲಸವನ್ನು ಚಳಿಗಾಲದಲ್ಲಿ ನಾವೇ ಮಾಡಬೇಕು. ಬಾವಿನೀರು ಸ್ವಲ್ಪ ಉಪ್ಪಾಗಿರುವ ಕಡಲಂಚಿನ ಮನೆಗಳಲ್ಲಿ ಕುಡಿಯುವ ನೀರಿನಿಂದಲೇ ಕೊನೆಯ ಒರೆಸು ಆಗಲಿ.

ನನ್ನನ್ನು ಕೇಳಿದರೆ ಇಷ್ಟೆಲ್ಲ ಸ್ಟೀಲು ಬೇಕಾಗಿಯೇ ಇಲ್ಲ. ಗ್ರಾನೈಟಿನ ಹಲಗೆ, ಚಿರೆಕಲ್ಲಿನ ಗೂಡು, ಹಲಸಿನ ಮರದ ಬಾಗಿಲು ನಮ್ಮ ಗಾಳಿಯಲ್ಲಿ ಸ್ಟೀಲಿಗಿಂತ ನೆಮ್ಮದಿಯಾಗಿ ಇರುತ್ತವೆ.

ಬಳಸದ ದಿನ ಒಲೆಗೆ, ಪಾತ್ರೆಗೆ ಏನು ಹೊದಿಸಬೇಕು? ಟಾರ್ಪಾಲಿನ್ನನ್ನು ಬಿಗಿಯಾಗಿ ಸುತ್ತಿದರೆ ಇಬ್ಬನಿ ಹೊರಗೆ ನಿಲ್ಲುತ್ತದೆ, ಒಳಗಿನ ತೇವ ಒಳಗೇ ಉಳಿಯುತ್ತದೆ. ಕಬ್ಬಿಣದ ಕಾವಲಿ ಅದರ ಕೆಳಗೆ ಎರಡೇ ದಿನದಲ್ಲಿ ಕೆಂಪಾಗುತ್ತದೆ. ಮಾಡಿನ ಕೆಳಗಿರುವ ವಸ್ತುವಿಗೆ ದಪ್ಪ ಹತ್ತಿ ಬಟ್ಟೆ ಅಥವಾ ಗೋಣಿ ಸಾಕು, ತಳದಲ್ಲಿ ಗಾಳಿಯಾಡಲು ಸಂದು ಬಿಟ್ಟು ಹೊದಿಸಿ. ಕಾವಲಿಗೆ, ಬಾಣಲೆಗೆ ತೆಂಗಿನೆಣ್ಣೆ ಸವರಿಡುವ ಅಜ್ಜಿಯರ ಕ್ರಮಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹೊರಗಿನ ಸ್ವಿಚ್ಚು, ಪ್ಲಗ್ಗುಗಳು ಮುಚ್ಚಳ ಇರುವಂಥವು ಆಗಿರಲಿ, ಆ ಲೈನಿಗೆ ಸೋರಿಕೆ ತಡೆಯುವ ಬ್ರೇಕರ್ ಹಾಕಿಸಿ. ಇಬ್ಬನಿಯಲ್ಲಿ ನೆನೆದ ಮಿಕ್ಸಿಯ ಪ್ಲಗ್ಗನ್ನು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಚುಚ್ಚುವವರು ಹೆಚ್ಚಾಗಿ ಮನೆಯ ಹೆಂಗಸರೇ.

ಕಟ್ಟಿಗೆ ಎಲ್ಲಿ, ಯಾವುದು

ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಉರಿಸುವುದೆಂದರೆ ಮೊದಲು ಆ ನೀರನ್ನು ಕಾಯಿಸಿ ಓಡಿಸುವುದು. ಕರಾವಳಿಯಲ್ಲಿ ಗಾಳಿಮರದ ಕಟ್ಟಿಗೆ ಸಿಕ್ಕರೆ ಅದಕ್ಕೆ ಸಾಟಿಯಿಲ್ಲ, ಉರಿಯೂ ಗಟ್ಟಿ, ಕೆಂಡವೂ ಗಟ್ಟಿ. ತೆಂಗಿನ ಗರಟೆ ಬೇಗ ಕಾವೇರಲು ಒಳ್ಳೆಯದು. ಘಟ್ಟದ ಮೇಲೆ ಅಕೇಶಿಯಾ, ಅಡಿಕೆಯ ಒಣ ದಬ್ಬೆ. ದಬ್ಬೆ ಭರ್ರನೆ ಉರಿದು ಮುಗಿಯುತ್ತದೆ, ನೀರು ಕಾಯಿಸಲು ಸರಿ, ನಿಧಾನದ ಅಡುಗೆಗೆ ಬೇಡ.

ರಾಶಿಯನ್ನು ಗೋಡೆಗೆ ಅಂಟಿಸಿ ನೆಲದ ಮೇಲೆಯೇ ಒಟ್ಟುವುದಕ್ಕಿಂತ ಕಲ್ಲಿನ ಮೇಲೆ ಅಡ್ಡಗಳ ಹಾಕಿ, ನೆಲದಿಂದ ಒಂದಡಿ ಎತ್ತರದಲ್ಲಿ, ಗೋಡೆಯಿಂದ ಗೇಣು ದೂರ ಒಟ್ಟುವುದು ಮೇಲು. ಗಾಳಿಯಾಡಿ ಒಣಗುತ್ತದೆ, ಗೆದ್ದಲು ಹಿಡಿಯುವುದಿಲ್ಲ. ಇನ್ನೂ ಮುಖ್ಯವಾದದ್ದು, ಕೆಳಗೆ ಏನಿದೆ ಎಂದು ಕಾಣುತ್ತದೆ. ಚಳಿಗಾಲದಲ್ಲಿ ಮಂಡಲದ ಹಾವಿನ ಓಡಾಟ ಹೆಚ್ಚು, ಕಟ್ಟಿಗೆಯ ಸಂದಿ ಅದಕ್ಕೆ ಪ್ರಿಯ. ಮುಂಜಾನೆ ಕತ್ತಲಲ್ಲಿ ಬರಿಗೈ ಹಾಕಿ ಕಟ್ಟಿಗೆ ಎಳೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಘಟ್ಟದ ಮೇಲಿನವರಿಗೆ ಇನ್ನೊಂದು ಎಚ್ಚರಿಕೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, ಈಚಿನ ವರ್ಷಗಳಲ್ಲಿ ಸಿದ್ದಾಪುರ ತಾಲೂಕು ಅದರಿಂದ ಬಹಳ ನೊಂದಿದೆ. ಅದನ್ನು ಹರಡುವ ಉಣುಗುಗಳ (ಉಣ್ಣೆ ಹುಳಗಳ) ಕಾಟ ಶುರುವಾಗುವುದು ಹೆಚ್ಚುಕಡಿಮೆ ಡಿಸೆಂಬರಿನಿಂದಲೇ, ನಾವು ಬೆಟ್ಟದಿಂದ ದರಕು (ಉದುರಿದ ಒಣ ಎಲೆ), ಕಟ್ಟಿಗೆ ತರುವ ದಿನಗಳಲ್ಲೇ. ತಂದ ದರಕನ್ನು ಅಡುಗೆಯ ಜಾಗದ ಪಕ್ಕ ಸುರಿಯಬೇಡಿ, ಕೊಟ್ಟಿಗೆಯ ಆಚೆ ದೂರ ಇರಲಿ. ಬೆಟ್ಟಕ್ಕೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಿ, ಬಂದವರು ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸಿದ ಮೇಲೆಯೇ ಒಲೆಯ ಮುಂದೆ ಕೂರಲಿ. ಹೊರಗಿನ ಒಲೆಯಲ್ಲಿ ಆ ನೀರು ಕಾದಿರಬೇಕು.

ಯಾವಾಗ ಶುರು ಮಾಡಬೇಕು

ಘಟ್ಟದ ಮೇಲೆ ದೀಪಾವಳಿ ಕಳೆದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನಿಂದ ಹಿಡಿದು ಅಡಿಕೆ ಸುಲಿಯುವವರವರೆಗೆ ಎಲ್ಲರೂ ಕೊಯ್ಲಿನಲ್ಲಿರುತ್ತಾರೆ, ಮಾಡು ಹತ್ತಲು ಯಾರೂ ಸಿಗುವುದಿಲ್ಲ. ಹಂಚು ಹೊರಳಿಸುವುದು, ತಗಡು ಬದಲಿಸುವುದು ನವರಾತ್ರಿಯ ಹೊತ್ತಿಗೆ ಮುಗಿಯಬೇಕು. ಕರಾವಳಿಯಲ್ಲಿ ಭತ್ತದ ಕೊಯ್ಲು ಮುಗಿಯುವುದರೊಳಗೆ ಆದರೆ ಸಾಕು. ಅಕ್ಟೋಬರಿನಲ್ಲಿ ಸಂಜೆಯ ಗುಡುಗುಮಳೆ ಎರಡೂ ಕಡೆ ಇರುವುದರಿಂದ ಮಾಡು ಮೊದಲು, ಒಲೆ ಆಮೇಲೆ. ಮೆತ್ತಿದ ಹಸಿಮಣ್ಣಿನ ಮೇಲೆ ಒಂದು ಮಳೆ ಬಿದ್ದರೆ ಎಲ್ಲವನ್ನೂ ಕಿತ್ತು ಮತ್ತೆ ಕಲಸಬೇಕಾಗುತ್ತದೆ. ಒಲೆ ಒಣಗುವ ಆ ಹತ್ತು ಹನ್ನೆರಡು ದಿನಗಳಲ್ಲಿ ತಟ್ಟಿ ಹೆಣೆಯುವುದು, ಕೊಳವೆ ಸವರುವುದು, ಗ್ಯಾಸಿನ ಕೊಳವೆಯ ವರ್ಷ ನೋಡುವುದು ಎಲ್ಲಕ್ಕೂ ಸಮಯ ಸಿಗುತ್ತದೆ.